ಸಂಜೆ ಆರರ ಕೆಂಪು ದೀಪ

ನಮ್ಮ ಮನೆಯ ವೈಫೈ ಡಬ್ಬಿಯಲ್ಲಿ ಸಾಲಾಗಿ ನಾಲ್ಕು ದೀಪಗಳಿವೆ. ಮೂರು ಹಸಿರು. ನಾಲ್ಕನೆಯದು ಉರಿಯಲೇಬಾರದು. ಅದು ಕೆಂಪಗೆ ಉರಿಯಿತೆಂದರೆ ಹೊರಗಿನಿಂದ ಬರುವ ಲೈನು ಸತ್ತಿದೆ ಎಂದರ್ಥ. ಈ ಮಳೆಗಾಲದಲ್ಲಿ ನಾನು ಆ ನಾಲ್ಕನೆಯ ದೀಪವನ್ನು ನೋಡಿದಷ್ಟು ನಮ್ಮ ಮನೆಯವರ ಮುಖವನ್ನೂ ನೋಡಿಲ್ಲ.

ನಮ್ಮೂರು ಅರಕಲಗೂಡಿನಿಂದ ಕೊಣನೂರಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ. ತಗ್ಗಿನಲ್ಲಿರುವುದರಿಂದ ಮೊಬೈಲ್ ಸಿಗ್ನಲ್ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕದಲ್ಲಿ ಮಾತ್ರ ಸಿಗುತ್ತದೆ. ಅದೂ ಮಾತಾಡುವುದಕ್ಕೆ ಸಾಕು, ವಿಡಿಯೊಗೆ ಸಾಲದು. ಈ ಬೇಸಿಗೆಯವರೆಗೆ ನಾನು ಹಾಸನದ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ಲು ಹಾಕುತ್ತಿದ್ದೆ. ಗಣಿತದಲ್ಲಿ ಎಂ.ಎಸ್ಸಿ. ಮಾಡಿಕೊಂಡು ಸೀರೆಗಳ ಬಿಲ್ಲು. ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡು ಹೋಗುವುದು, ಕತ್ತಲಾದ ಮೇಲೆ ನಿಂತುಕೊಂಡೇ ಬರುವುದು. ಮಳೆ ಶುರುವಾಗುವ ಹೊತ್ತಿಗೆ ಹಾಸನದ ಒಂದು ಕೋಚಿಂಗ್ ಸೆಂಟರಿನವರು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಂಜೆಯ ಆನ್‌ಲೈನ್ ಕ್ಲಾಸು ಆರಂಭಿಸಿದರು. ಗಣಿತ ನನ್ನ ಪಾಲಿಗೆ ಬಂತು. ಮಕ್ಕಳು ಚನ್ನರಾಯಪಟ್ಟಣ, ಹೊಳೆನರಸೀಪುರ, ಶಾಂತಿಗ್ರಾಮ, ಅರಕಲಗೂಡು ಹೀಗೆ ಸುತ್ತಮುತ್ತಲಿನವರು. ಶಾಲೆಯಿಂದ ಬಂದು ಏನಾದರೂ ತಿಂದು ಕೂರಲಿ ಎಂದು ಕ್ಲಾಸಿನ ಹೊತ್ತು ಆರರಿಂದ ಏಳು. ಮೂರು ತಿಂಗಳು ನೋಡುತ್ತೇವೆ, ಸರಿಹೋದರೆ ಕಾಯಂ ಎಂದು ಸೆಂಟರಿನ ಸರ್ ಹೇಳಿದ್ದರು. ಸರಿಹೋಗದಿದ್ದರೆ ಮತ್ತೆ ಆ ಬಸ್ಸು.

ಅದಕ್ಕೆಂದೇ ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸಿದ್ದು. ಕೊಣನೂರಿನಲ್ಲಿ ಆಫೀಸಿಟ್ಟುಕೊಂಡಿರುವ ಕೇಬಲ್‌ನವರು ಟೀವಿ ಲೈನಿನ ಜೊತೆಗೆ ಇಂಟರ್ನೆಟ್ಟನ್ನೂ ಕೊಡುತ್ತಾರೆ. ಕಂಬದಿಂದ ಕಂಬಕ್ಕೆ, ಕಂಬವಿಲ್ಲದ ಕಡೆ ತೆಂಗಿನ ಮರದಿಂದ ತೆಂಗಿನ ಮರಕ್ಕೆ ಕಪ್ಪು ತಂತಿ ಎಳೆದು, ನಮ್ಮ ಕಿಟಕಿಯ ಮೂಲೆಯಲ್ಲಿ ತೂತು ಕೊರೆದು, ಡಬ್ಬಿಯನ್ನು ಗೋಡೆಗೆ ಹೊಡೆದು ಹೋದರು. ಮೊದಲ ದಿನ ಹಸಿರು. ಎರಡನೆಯ ದಿನ ಸಂಜೆ, ವರ್ಗ ಸಮೀಕರಣದ ಸೂತ್ರವನ್ನು ಅರ್ಧ ಹೇಳಿ ಬಾಯಿ ತೆರೆದಿದ್ದೆ, ಕೆಂಪು.

ಮುಕ್ಕಾಲು ಗಂಟೆಯ ಮೇಲೆ ಲೈನು ಬಂದಾಗ ಮಕ್ಕಳಲ್ಲಿ ಅರ್ಧ ಜನ ಹೊರಟುಹೋಗಿದ್ದರು. ಉಳಿದವರು ತೆರೆದ ಬಾಯಿಯ ನನ್ನ ಮುಖವನ್ನು ಫೋಟೊ ಹಿಡಿದು, ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಸ್ಟಿಕ್ಕರ್ ಮಾಡಿ ಹಾಕಿದ್ದರು. ಚನ್ನರಾಯಪಟ್ಟಣದ ಒಬ್ಬ ಹುಡುಗ ಅದರ ಕೆಳಗೆ, “ಮಿಸ್ ಕಲ್ಲಾಗವ್ರೆ ಕಣ್ರೋ, ಯಾರಾರ ನೀರ್ ಚಿಮುಕ್ಸಿ” ಎಂದು ಬರೆದಿದ್ದ. ಆ ಸ್ಟಿಕ್ಕರು ಈಗಲೂ ಚಾಲ್ತಿಯಲ್ಲಿದೆ.

ನನಗೆ ಹೈಸ್ಕೂಲಿನಿಂದಲೂ ದಿನಚರಿ ಬರೆಯುವ ಅಭ್ಯಾಸ. ದೊಡ್ಡ ವಿಚಾರಗಳೇನೂ ಅದರಲ್ಲಿರುವುದಿಲ್ಲ. ಯಾವ ಬಸ್ಸು ತಡವಾಯಿತು, ಹಸು ಎಷ್ಟು ಹಾಲು ಕೊಟ್ಟಿತು, ಮಳೆ ಯಾವಾಗ ನಿಂತಿತು, ಇಷ್ಟೆ. ಕೆಂಪು ದೀಪಕ್ಕೂ ಒಂದು ಪುಟ ತೆಗೆದೆ. ತಾರೀಕು, ಹೋದ ಹೊತ್ತು, ಬಂದ ಹೊತ್ತು, ಆಗ ಮನೆಯಲ್ಲಿ ಏನೇನು ನಡೆಯುತ್ತಿತ್ತು ಎಂದು ಗೆರೆ ಎಳೆದುಕೊಂಡೆ. ನಿಯಮವಾಗಿ ಬರೆಯುತ್ತಾ ಹೋದರೆ ಕಾರಣ ತಾನಾಗಿ ಎದ್ದು ನಿಲ್ಲುತ್ತದೆ ಎಂಬುದು ನನ್ನ ನಂಬಿಕೆ. ಎರಡು ವಾರದಲ್ಲಿ ಒಂದಲ್ಲ, ಆರು ಕಾರಣ ಎದ್ದು ನಿಂತವು.

ಮೊದಲ ಅನುಮಾನ ಮಿಕ್ಸಿಯ ಮೇಲೆ. ಅಮ್ಮ ಸಂಜೆ ಖಾರ ರುಬ್ಬುವ ಹೊತ್ತಿಗೇ ಲೈನು ಹೋಗುತ್ತಿತ್ತು. ಆರರಿಂದ ಏಳರವರೆಗೆ ಮಿಕ್ಸಿ ಬಂದ್ ಎಂದೆ. ಅಮ್ಮ ಹಿತ್ತಿಲಿನ ಒರಳನ್ನು ತೊಳೆದುಕೊಂಡು ನಾಲ್ಕು ದಿನ ರುಬ್ಬಿದರು. ನಾಲ್ಕೂ ದಿನ ಕೆಂಪು ದೀಪ ಉರಿಯಿತು, ಆದರೂ ಮಿಕ್ಸಿಗೆ ಬಿಡುಗಡೆ ಸಿಗಲಿಲ್ಲ. ಆಮೇಲೆ ಅಪ್ಪನ ತೋಟದ ಮೋಟರಿನ ಮೇಲೆ ಅನುಮಾನ ಬಂತು.

“ಮೋಟ್ರಿರೋದು ಕೆರೆ ತಾವ, ನಿನ್ ಡಬ್ಬಿರೋದು ನಡುಮನೇಲಿ. ಎರಡಕ್ಕೂ ಎಲ್ಲಿಂದವ್ವ ನೆಂಟಸ್ತನ?” ಎಂದರು ಅಪ್ಪ.

“ವೋಲ್ಟೇಜು ಅಪ್ಪ. ಮೋಟ್ರು ಎಳೆದಾಗ ಇಲ್ಲಿ ಡಿಮ್ಮಾಗುತ್ತೆ.”

“ಸರಿ ಬುಡು. ತ್ವಾಟ ಒಣಗ್ಲಿ, ನಿನ್ ಮಕ್ಳು ಪಾಸಾಗ್ಲಿ.”

ಮೋಟರು ನಿಂತಿತು. ದೀಪ ಉರಿಯಿತು. ಆಮೇಲೆ ಮಳೆ, ಗಾಳಿ, ತಂತಿಯ ಮೇಲೆ ಓಡಾಡುವ ಅಳಿಲು, ಪಕ್ಕದ ಮನೆಯ ವೆಲ್ಡಿಂಗು. ಒಂದೊಂದಕ್ಕೂ ಒಂದೊಂದು ಬಣ್ಣದ ಪೆನ್ನು. ಭಾನುವಾರಗಳು ಮಾತ್ರ ಚೊಕ್ಕಟವಾಗಿದ್ದವು. ಭಾನುವಾರ ಆಫೀಸುಗಳಿಲ್ಲ, ಲೈನಿನ ಮೇಲೆ ಭಾರ ಕಡಿಮೆ ಎಂದು ಬರೆದುಕೊಂಡು, ಅಡಿಗೆರೆ ಬೇರೆ ಎಳೆದಿದ್ದೆ.

ತಾರಸಿ ಹತ್ತಿ ದೂರು ಕೊಡುವ ನಂಬರಿಗೆ ಫೋನು ಮಾಡಿದಾಗಲೆಲ್ಲ ಒಂದೇ ದನಿ, ಒಂದೇ ಮಾತು. “ಆಫ್ ಮಾಡಿ ಆನ್ ಮಾಡಿ ನೋಡಿದ್ರಾ ಮೇಡಮ್?” ಮಾಡಿದೆ ಎಂದರೆ, “ಇನ್ನೊಂದ್ಸಲ ಮಾಡಿ ನೋಡಿ.” ಮಾಡುವಷ್ಟರಲ್ಲಿ ಏಳು ಗಂಟೆಯಾಗಿ ಲೈನು ತಾನೇ ಬಂದುಬಿಡುತ್ತಿತ್ತು. “ಬಂತಲ್ಲ ಮೇಡಮ್!” ಎಂದು ಆ ಕಡೆಯವರಿಗೆ ನಿಜವಾದ ಸಂತೋಷ. ದೂರು ಮುಗಿಯಿತೆಂದು ಫೋನಿಗೆ ಮೆಸೇಜು ಬರುತ್ತಿತ್ತು, ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ ಎಂದು ಕೇಳಿಕೊಂಡು.

ಕೊಣನೂರಿನಿಂದ ಲೈನ್‌ಮ್ಯಾನ್ ಬರುತ್ತಿದ್ದದ್ದು ಹಗಲು ಹನ್ನೊಂದಕ್ಕೆ. ಆಗ ನಾಲ್ಕು ದೀಪಗಳೂ ಸದ್ಗುಣ ಸಂಪನ್ನರಂತೆ ಕೂತಿರುತ್ತಿದ್ದವು. ಆತ ತಂತಿಯನ್ನು ಬಿಚ್ಚಿ ಒಂದು ಚಿಕ್ಕ ಮೀಟರಿಗೆ ಸಿಕ್ಕಿಸಿ ನನ್ನ ಕಣ್ಣೆದುರು ಹಿಡಿಯುತ್ತಿದ್ದ.

“ನೋಡಿ ಅಕ್ಕ, ಸಿಗ್ನಲ್ ಕೊಬ್ಬರಿ ಎಣ್ಣೆ ಇದ್ದಂಗೆ ಬತ್ತಾ ಐತೆ.”

“ಸಂಜೆ ಹೋಗೋದು ಅಂತ ಹೇಳ್ತಾ ಇದೀನಲ್ಲ. ಸಂಜೆ ಬನ್ನಿ.”

“ಸಂಜೆ ನಂಗೆ ಹಸ ಕರೆಯೋದಿರ್ತದೆ ಅಕ್ಕ. ನಿಮ್ ಲ್ಯಾಪ್‌ಟಾಪು ಹಳೇದು, ಅದ್ನ ಬದಲಾಯ್ಸಿ.”

“ಕೆಂಪು ದೀಪ ಉರಿಯೋದು ನಿಮ್ಮ ಡಬ್ಬೀಲಿ. ಲ್ಯಾಪ್‌ಟಾಪಲ್ಲಿ ಅಲ್ಲ.”

“ಅದೂ ಸರಿಯೇ” ಎಂದು ಒಪ್ಪಿಕೊಂಡು, ಡಬ್ಬಿಯನ್ನು ಬದಲಾಯಿಸಿ ಹೋದ. ಹೊಸ ಡಬ್ಬಿಯ ಕೆಂಪು ದೀಪ ಹಳೆಯದಕ್ಕಿಂತ ಚೆನ್ನಾಗಿ ಕಾಣುತ್ತಿತ್ತು.

ನನಗೆ ಎಲ್ಲಕ್ಕಿಂತ ಸಿಟ್ಟು ಬರುತ್ತಿದ್ದದ್ದು ಊರಿನವರ ಮೇಲೆ. ಅದೇ ಲೈನಿನಲ್ಲಿ ಇನ್ನೂ ಏಳೆಂಟು ಮನೆಗಳಿವೆ. ನಿಮ್ಮಲ್ಲಿ ಸಂಜೆ ನೆಟ್ ಹೋಗುತ್ತದೆಯೇ ಎಂದು ಕೇಳಿದರೆ, “ಸಂಜೆಗಾ? ನೋಡಿಲ್ಲ ಕಣವ್ವ” ಎನ್ನುತ್ತಿದ್ದರು. ಒಬ್ಬರಾದರೂ ಜೊತೆಗೆ ದೂರು ಕೊಟ್ಟಿದ್ದರೆ ಕೇಬಲ್‌ನವರು ಹೆದರುತ್ತಿದ್ದರೋ ಏನೋ.

ಮೂರು ತಿಂಗಳು ಮುಗಿಯುತ್ತಾ ಬಂದಾಗ ಸರ್ ಫೋನು ಮಾಡಿದರು. ಒಳ್ಳೆಯ ಮನುಷ್ಯ, ಬೈಯುವವರಲ್ಲ. ಅದೇ ಕಷ್ಟ.

“ಪಾಠದ ಬಗ್ಗೆ ಏನೂ ದೂರಿಲ್ಲಮ್ಮ. ಆದ್ರೆ ಪೇರೆಂಟ್ಸ್ ನಂಗೆ ಫೋನ್ ಮಾಡ್ತಾರೆ, ಮಿಸ್ಸು ಎಲ್ಲೋದ್ರು ಅಂತ. ನಾನೇನ್ ಹೇಳ್ಲಿ? ಬರೋ ಗುರುವಾರ ನಾನೂ ಕ್ಲಾಸಲ್ಲಿ ಕೂತ್ಕೋತೀನಿ. ಅವತ್ತು ಪೂರ್ತಿ ಒಂದ್ ಗಂಟೆ ನಡೀಲಿ. ಆಮೇಲೆ ನೋಡೋಣ.”

ಆಮೇಲೆ ನೋಡೋಣ ಎಂಬ ಮಾತಿನ ಅರ್ಥ ನನಗೆ ಗೊತ್ತು. ಅಂಗಡಿಯಲ್ಲಿ ಸೀರೆ ಇಷ್ಟವಾಗದವರು ಎದ್ದು ಹೋಗುವಾಗ ಹೇಳುತ್ತಿದ್ದ ಮಾತು ಅದು.

ಅದರ ಹಿಂದಿನ ಶನಿವಾರ ಕ್ಲಾಸು ಇರಲಿಲ್ಲ. ಅಮ್ಮ ಕೊಟ್ಟಿಗೆಯಲ್ಲಿ ಜಾರಿ ಕಾಲು ಉಳುಕಿಸಿಕೊಂಡಿದ್ದರು. ಡೈರಿಗೆ ಹಾಲು ಹಾಕಿ ಬಾ ಎಂದು ಕ್ಯಾನನ್ನು ನನ್ನ ಕೈಗೆ ಕೊಟ್ಟರು. ನಾನು ಸಂಜೆ ಡೈರಿಯ ಕಡೆ ಹೋಗಿ ವರ್ಷಗಳೇ ಆಗಿದ್ದವು. ಮೊದಲು ಬಸ್ಸಿನಲ್ಲಿರುತ್ತಿದ್ದೆ, ಈಗ ಲ್ಯಾಪ್‌ಟಾಪಿನ ಮುಂದೆ. ಹೋಗಿ ನೋಡಿದರೆ, ನನ್ನ ಜೊತೆ ದೂರು ಕೊಡದಿದ್ದ ಏಳೆಂಟು ಮನೆಗಳೂ ಅಲ್ಲಿ ಸಾಲಿನಲ್ಲಿ ನಿಂತಿದ್ದವು. ಸಂಜೆ ಆರಕ್ಕೆ ಇಡೀ ಊರೇ ಡೈರಿಯ ಮುಂದೆ ಇರುವಾಗ, ನೆಟ್ ಹೋದದ್ದು ಯಾರಿಗೆ ಗೊತ್ತಾಗಬೇಕು?

ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದದ್ದು ಹಿಂದಿನ ಬೀದಿಯ ದೊಡ್ಡಮ್ಮ, ಅಪ್ಪನ ದಾಯಾದಿ ಅಣ್ಣನ ಹೆಂಡತಿ. ಅವರ ಮಗ ಗೂಡ್ಸ್ ಆಟೊ ಓಡಿಸುತ್ತಾನೆ. ಸೊಸೆ ಹಾಸನದ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ದೊಡ್ಡಪ್ಪ ತೋಟದಲ್ಲಿರುತ್ತಾರೆ; ಮೂವರೂ ಮನೆ ಸೇರುವುದು ಏಳರ ಮೇಲೆ.

“ಏನವ್ವ, ಪ್ಯಾಟೆ ಹೆಣ್ಣು ಡೈರಿಗ್ ಬಂದ್ಬುಟ್ಟದೆ! ಇವತ್ತು ಮಳೆ ಗ್ಯಾರಂಟಿ” ಎಂದರು ದೊಡ್ಡಮ್ಮ.

ಅವರ ಮುಂದಿದ್ದ ಇನ್ನೊಬ್ಬಾಕೆ, “ನಿನ್ ಹಾಲ್ನ ನಿನ್ ಮಗನ ಕೈಲಿ ಕಳ್ಸಬಾರ್ದಾ ಅತ್ತೆ? ಮಂಡಿನೋವು ಅಂತೀಯ, ದಿನಾ ನೀನೇ ಬತ್ತೀಯ” ಎಂದಳು.

“ಕಳ್ಸಿ ಏನ್ ಮಾಡ್ಲಿ? ಅವನು ಹಾಲಿನ ಡಿಗ್ರಿ ಎಷ್ಟು ಬಂತು ಅಂತ ನೋಡದೆ ಸುರ್ದು ಬತ್ತಾನೆ. ನನ್ ಹಸದ ಹಾಲು ನನ್ ಕಣ್ಮುಂದೆ ಅಳೀಬೇಕು.”

“ಮನೆ ಬಾಗ್ಲು ಹಾಕ್ದೋ ಇಲ್ವೋ? ಮೋಡ ಗುಡುಗ್ತಾ ಐತೆ.”

“ಬಾಗ್ಲೂ ಹಾಕಿವ್ನಿ, ಕರೆಂಟಿನ ಮೇನೂ ಇಳ್ಸಿವ್ನಿ. ಅದ್ನ ಇಳ್ಸದೆ ನಾನು ಹೊಸ್ಲು ದಾಟೋದಿಲ್ಲ ಕಣೆ. ಆ ಕೇಬಲ್ನೋರ್ ಡಬ್ಬ ಒಂದು ಗುಂಯ್ ಅಂತಾ ಇರ್ತದೆ, ಅದ್ಕೂ ಒಸಿ ಉಸ್ರು ಬುಡೋಕ್ ಆಗಲಿ.”

ನನ್ನ ಕೈಯಲ್ಲಿದ್ದ ಕ್ಯಾನು ಓರೆಯಾಗಿ ಅಂಗಳದ ಮೇಲೆ ಸ್ವಲ್ಪ ಹಾಲು ಚೆಲ್ಲಿತು.

“ದೊಡ್ಡಮ್ಮ, ಯಾವ ಡಬ್ಬ?”

“ನಮ್ ಜಗಲಿ ಮ್ಯಾಲೆ ಹೊಡ್ದವ್ರಲ್ಲ. ಇಲ್ಲಿಂದ್ಲೇ ನಿಮಗೆಲ್ಲಾ ಹಂಚ್ತೀವಿ ಅಂದ್ರು. ಕರೆಂಟು ಕೊಡಿ, ನಿಮ್ ಮನೆಗೆ ಟೀವಿ, ಅದೇನೋ ವೈಫೈ, ಎಲ್ಲಾ ಪುಕ್ಕಟೆ ಅಂದ್ರು. ಕೊಟ್ಟೊ.”

ಹಾಲು ಅಳೆಸಿ ಅವರ ಜೊತೆಗೇ ನಡೆದೆ. ಜಗಲಿಯ ಸೂರಿನ ಕೆಳಗೆ ಬೂದು ಬಣ್ಣದ ಕಬ್ಬಿಣದ ಡಬ್ಬ, ಅದರೊಳಗಿಂದ ಹೊರಬಿದ್ದ ಏಳೆಂಟು ಕಪ್ಪು ತಂತಿಗಳು. ಅವುಗಳಲ್ಲಿ ಒಂದು ತೆಂಗಿನ ಮರ ಹತ್ತಿ ನಮ್ಮ ಮನೆಯ ಕಡೆ ಹೋಗಿತ್ತು. ಕರೆಂಟು ಹೋದರೆ ಇರಲಿ ಎಂದು ಒಳಗಿಟ್ಟಿದ್ದ ಬ್ಯಾಟರಿ ಊದಿಕೊಂಡು ಎಂದೋ ಸತ್ತಿತ್ತು. ದೊಡ್ಡಮ್ಮ ಬಾಗಿಲು ತೆಗೆದು ಮೇನ್ ಸ್ವಿಚ್ ಮೇಲೆತ್ತಿದರು. ಡಬ್ಬ ಗುಂಯ್ ಎಂದಿತು. ಅವರ ವೈಫೈ ಹಿಡಿದು ಅಮ್ಮನಿಗೆ ಫೋನು ಮಾಡಿದೆ.

“ಅಮ್ಮ, ಡಬ್ಬಿ ನೋಡು.”

“ಈಗ ತಾನೆ ಹಸ್ರು ಬಂತು ಕಣೆ. ನೀನೇನ್ ಮಾಡ್ದೆ?”

ನಾನೇನೂ ಮಾಡಿರಲಿಲ್ಲ. ಮೂರು ತಿಂಗಳು ಆರು ಬಣ್ಣದ ಪೆನ್ನುಗಳಲ್ಲಿ ನಮ್ಮ ಮನೆಯ ಗೋಡೆಗಳ ಒಳಗೆ ನಡೆಯುವುದನ್ನೆಲ್ಲ ಬರೆದಿದ್ದೆ. ತಂತಿ ಕಿಟಕಿಯಿಂದ ಹೊರಗೆ ಎಲ್ಲಿಗೆ ಹೋಗುತ್ತದೆ ಎಂದು ಕತ್ತೆತ್ತಿ ನೋಡಿರಲಿಲ್ಲ. ಭಾನುವಾರ ಚೊಕ್ಕಟವಾಗಿದ್ದದ್ದು ಆಫೀಸುಗಳಿಂದಲ್ಲ, ಅಂದು ಗಾರ್ಮೆಂಟ್ಸಿಗೆ ರಜೆ ಇದ್ದು ಸೊಸೆ ಮನೆಯಲ್ಲಿರುತ್ತಿದ್ದುದರಿಂದ.

“ದೊಡ್ಡಮ್ಮ, ಒಂದು ವಾರ ಮೇನ್ ಆಫ್ ಮಾಡಬೇಡಿ. ನನ್ನ ಕೆಲಸದ ವಿಷಯ” ಎಂದೆ.

ಅವರು ಕ್ಯಾನು ಕೆಳಗಿಟ್ಟು ಕೊಟ್ಟಿಗೆಯ ಗೋಡೆ ತೋರಿಸಿದರು. ಒಂದು ಮೂಲೆ ಕೆಳಗಿನಿಂದ ಮೇಲಿನವರೆಗೆ ಇನ್ನೂ ಕಪ್ಪಾಗಿತ್ತು.

“ಮೂರ್ ವರ್ಷದ ಕೆಳಗೆ ನಾನು ಡೈರೀಲಿ ನಿಂತಿದ್ದಾಗ್ಲೇ ಶಾರ್ಟಾಗಿದ್ದು. ಹುಲ್ಲು ಉರ್ದೋಯ್ತು. ಹಸ ಹಗ್ಗ ಕಿತ್ಕಂಡು ಬದುಕ್ತು, ಕರ ಬದುಕ್ನಿಲ್ಲ. ಮನೇಲಿ ಜನ ಇಲ್ದಾಗ ಮೇನ್ ಇರೋದಿಲ್ಲ ಕಣ್ಮಗ. ನೀನು ಏನ್ ಕೇಳುದ್ರೂ ಕೊಡ್ತೀನಿ, ಇದೊಂದ್ ಕೇಳ್ಬ್ಯಾಡ.”

ಆ ಗೋಡೆಯ ಮುಂದೆ ನಿಂತು ವರ್ಗ ಸಮೀಕರಣದ ಮಾತಾಡುವುದು ನನ್ನಿಂದಾಗಲಿಲ್ಲ. ಲೈನ್‌ಮ್ಯಾನ್‌ಗೆ ಫೋನು ಮಾಡಿದೆ. “ಓ, ಆ ಡಬ್ಬದ ಬ್ಯಾಟ್ರಿಯಾ? ಅದು ಹೋಗಿ ಕಾಲ ಆಯ್ತಲ್ಲ ಅಕ್ಕ. ನೀವು ಅದ್ನ ಕೇಳ್ಲೇ ಇಲ್ವಲ್ಲ!” ಎಂದ. ಹಾಸನದಿಂದ ತರಿಸಬೇಕು, ಬುಧವಾರ ಹಾಕುತ್ತೇನೆ ಎಂದ.

ಬುಧವಾರದವರೆಗೆ ಏನು ಮಾಡುವುದು? ಮನೆಯಲ್ಲಿ ಜನವಿಲ್ಲದಾಗ ಎಂದು ಅವರು ಹೇಳಿದ ಮಾತು ಹಿಡಿದುಕೊಂಡೆ. ಜನ ಇದ್ದರೆ? ಸೋಮವಾರ ಸಂಜೆ ಲ್ಯಾಪ್‌ಟಾಪು ಎತ್ತಿಕೊಂಡು ಹೋಗಿ ಅವರ ಜಗಲಿಯಲ್ಲಿ ಕೂತೆ. ದೊಡ್ಡಮ್ಮನಿಗೆ ಇದು ಬಹಳ ಹಿಡಿಸಿತು.

“ಕೂತ್ಕ. ಒಲೆ ಮ್ಯಾಲೆ ಹಾಲಿಟ್ಟಿವ್ನಿ, ಉಕ್ದಂಗೆ ನೋಡ್ಕ. ಕೋಳಿ ಒಳಕ್ ಬಂದ್ರೆ ಅಟ್ಟು. ಕರ ಕಿರುಚುದ್ರೆ ಒಂದ್ ಹಿಡಿ ಹುಲ್ಲಾಕು. ಬಾಗ್ಲು ಹಾಕ್ಕೊಂಡ್ ಓಗೋದಾದ್ರೆ ಕೀ ಇಡೋದು ಇಲ್ಲಿ” ಎಂದು ಕೊಟ್ಟಿಗೆಯ ಸೂರಿನ ಸಂದು ತೋರಿಸಿ ಹೊರಟರು.

ಆ ಮೂರು ದಿನ ನೆಟ್ ಒಮ್ಮೆಯೂ ಹೋಗಲಿಲ್ಲ. ನಾನು ಮಾತ್ರ ಹೋಗುತ್ತಲೇ ಇದ್ದೆ. “ಒಂದ್ನಿಮಿಷ ಮಕ್ಳೇ” ಎಂದು ಎದ್ದು ಹಾಲು ಇಳಿಸಿ, ಕೋಳಿ ಅಟ್ಟಿ, ಕರುವಿಗೆ ಹುಲ್ಲು ಹಾಕಿ ಬರುತ್ತಿದ್ದೆ. ಮೊದಲು ಏಳಕ್ಕೆ ಬರುತ್ತಿದ್ದ ದೊಡ್ಡಮ್ಮ ಬುಧವಾರ ಬಂದದ್ದು ಏಳೂವರೆಗೆ. ಮನೆ ಕಾಯಲು ಜನ ಇರುವಾಗ ಅವರಿಗೇನು ಅವಸರ? ಡೈರಿಯ ಮುಂದೆ ಮಾತು ಮುಗಿಯುವುದೇ ಇಲ್ಲ.

ಬುಧವಾರ ಮಧ್ಯಾಹ್ನ ಹೊಸ ಬ್ಯಾಟರಿ ಬಂತು. ನಾನೇ ನಿಂತು ಹಾಕಿಸಿದೆ. ಮೇನ್ ಇಳಿಸಿ ನೋಡಿದೆವು; ನಮ್ಮ ಮನೆಯ ಡಬ್ಬಿ ಹಸಿರಾಗಿಯೇ ಇತ್ತು. ಆ ಸಂಜೆ ಕೊನೆಯ ಸಲವೆಂದು ದೊಡ್ಡಮ್ಮನ ಜಗಲಿಯಲ್ಲಿ ಪಾಠ ಮಾಡಿದೆ. ನಾಳೆಯಿಂದ ನಿಮಗೆ ತೊಂದರೆಯಿಲ್ಲ, ಮೇನ್ ಆಫ್ ಮಾಡಿಕೊಂಡೇ ಹೋಗಿ ಎಂದೆ. “ಅಂಗಾ?” ಎಂದಷ್ಟೇ ಹೇಳಿದರು.

ಗುರುವಾರ. ನಡುಮನೆಯಲ್ಲಿ ಹಿಂದೆ ಒಳ್ಳೆಯ ಬೆಡ್‌ಶೀಟು ಕಟ್ಟಿ, ಇಸ್ತ್ರಿ ಮಾಡಿದ ಚೂಡಿದಾರ್ ಹಾಕಿಕೊಂಡು ಕೂತೆ. ಆರಕ್ಕೆ ಮಕ್ಕಳು ಬಂದರು, ಸರ್ ಬಂದರು. “ಶುರು ಮಾಡಮ್ಮ” ಎಂದರು. ಮೊದಲ ಲೆಕ್ಕ ಬರೆದು, ಎರಡನೆಯ ಸಾಲಿಗೆ ಬರುವಾಗ ಡಬ್ಬಿಯ ಕಡೆ ಕಣ್ಣು ಹೋಯಿತು.

ಕೆಂಪು.

ಯೋಚನೆ ಮಾಡುವುದಕ್ಕೆ ಕೂರಲಿಲ್ಲ. ಲ್ಯಾಪ್‌ಟಾಪನ್ನು ತೆರೆದಂತೆಯೇ ಎದೆಗೆ ಅವುಚಿಕೊಂಡು ಹಿತ್ತಿಲಿನಿಂದ ಓಡಿದೆ. ದೊಡ್ಡಮ್ಮನ ಬಾಗಿಲಿಗೆ ಬೀಗ. ಸೂರಿನ ಸಂದಿಗೆ ಕೈ ಹಾಕಿ ಕೀ ತೆಗೆದು, ಒಳಗೆ ನುಗ್ಗಿ ಮೇನ್ ಎತ್ತಿದೆ. ಜಗಲಿಯ ಡಬ್ಬದ ಬಾಗಿಲು ತೆರೆದಿತ್ತು. ಹೊಸ ಬ್ಯಾಟರಿಯ ಎರಡೂ ತಂತಿಗಳು ಕಿತ್ತು ಜೋತಾಡುತ್ತಿದ್ದವು. ಮೇನ್ ಎತ್ತಿಟ್ಟು ಮನೆಗೆ ವಾಪಸು ಓಡಬಹುದಿತ್ತು. ಆದರೆ ಜನವಿಲ್ಲದ ಮನೆಯಲ್ಲಿ ಅದನ್ನು ಬಿಟ್ಟು ಹೋಗಲು ಕಾಲು ಬರಲಿಲ್ಲ. ಅಲ್ಲೇ ಗೋಡೆಗೊರಗಿ ಕೂತು ಕ್ಲಾಸಿಗೆ ಮತ್ತೆ ಸೇರಿಕೊಂಡೆ.

“ಮಿಸ್ ಬಂದ್ರು! ಮಿಸ್ಸಿಗೆ ಉಬ್ಸ ಬಂದದೆ!” ಎಂದ ಚನ್ನರಾಯಪಟ್ಟಣದವನು.

ಎರಡನೆಯ ಸಾಲಿನಿಂದ ಮುಂದುವರಿಸಿದೆ. ಆಮೇಲೆ ಲೈನು ಅಲುಗಾಡಲಿಲ್ಲ. ಕೊನೆಯ ಲೆಕ್ಕಕ್ಕೆ ಉತ್ತರ ಬರುವಷ್ಟರಲ್ಲಿ ಅಂಗಳದಿಂದ ದನಿ ಕೇಳಿತು.

“ಏಯ್, ಯಾವನ್ಲಾ ಅದು ಮೇನ್ ಹಾಕಿರೋನು? ಓ... ನೀನಾ ಮಗ. ಆ ಬ್ಯಾಟ್ರಿ ಕಣವ್ವ, ಮೇನ್ ಇಳ್ಸುದ್ರೂ ಡಬ್ಬದಲ್ಲಿ ದೀಪ ಪಿಳಿಪಿಳಿ ಅಂತಾನೇ ಇತ್ತು. ಕರೆಂಟಿಲ್ದೆ ಉರಿಯೋ ದೀಪ ಒಳ್ಳೇದಲ್ಲ, ಬೆಂಕಿ ಗಿಂಕಿ ಹತ್ಕಂಡಾತು ಅಂತ ಕಿತ್ ಬುಟ್ಟೆ. ಹಾಲ್ ನೋಡ್ಕಂಡಾ?”

ಮೈಕು ಆಫ್ ಮಾಡುವುದನ್ನು ಮರೆತಿದ್ದೆ. ನಾಲ್ಕು ಕಡೆಯ ಮಕ್ಕಳೂ ಒಟ್ಟಿಗೆ ನಕ್ಕರು. ಹೊಳೆನರಸೀಪುರದ ಒಬ್ಬಳು, “ಹಾಲ್ ನೋಡ್ಕಂಡ್ರಾ ಮಿಸ್?” ಎಂದಳು. ನಾನು ತಲೆ ತಗ್ಗಿಸಿಕೊಂಡು ಉತ್ತರದ ಕೆಳಗೆ ಗೆರೆ ಎಳೆದೆ.

ಅರ್ಧ ಗಂಟೆಯ ಮೇಲೆ ಸರ್ ಫೋನು ಮಾಡಿದಾಗ ನಾನು ನಮ್ಮ ತಾರಸಿಯ ಟ್ಯಾಂಕಿನ ಪಕ್ಕದಲ್ಲಿದ್ದೆ. ಹಾಸನದ ಬೆಳಗಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಮನಸ್ಸಿನಲ್ಲೇ ನೆನಪಿಸಿಕೊಳ್ಳುತ್ತಿದ್ದೆ.

“ಮೊದಲು ಕೂತಿದ್ರಲ್ಲ, ಆ ಬೆಡ್‌ಶೀಟ್ ಜಾಗ, ಅಲ್ಲಿ ನೆಟ್ ಇಲ್ಲಮ್ಮ. ಆಮೇಲೆ ಕೂತಿದ್ದು ಎಲ್ಲಿ?”

“ದೊಡ್ಡಮ್ಮನ ಜಗಲಿ ಸರ್.”

“ಅಲ್ಲೇ ಕೂತ್ಕೊಳ್ಳಿ. ಒಂದ್ಸಲಾನೂ ಕಟ್ ಆಗ್ಲಿಲ್ಲ ನೋಡಿ. ಮುಂದಿನ ತಿಂಗಳಿಂದ ನೀವೇ ಕಾಯಂ. ಆದ್ರೆ ಅಲ್ಲಿಂದ್ಲೇ ಆಗ್ಬೇಕು, ಆ ಜಾಗ ಬದಲಾಯಿಸ್ಬೇಡಿ.”

ಕೆಳಗಿಳಿದು ಅಪ್ಪನಿಗೆ ಹೇಳಿದೆ. “ಅಂದ್ರೆ ಈ ಡಬ್ಬಿ ಯಾಕವ್ವ ಹಾಕ್ಸಿದ್ದು?” ಎಂದು ಕೇಳಿದರು. ಅಮ್ಮ ಒರಳನ್ನು ಮತ್ತೆ ಹಿತ್ತಿಲಿನ ಮೂಲೆಗೆ ಉರುಳಿಸಿ, ಮಿಕ್ಸಿ ತೆಗೆದಿಟ್ಟರು.

ಬ್ಯಾಟರಿಯ ತಂತಿ ಸಿಕ್ಕಿಸಿ ಹೋಗಲು ಲೈನ್‌ಮ್ಯಾನ್‌ಗೆ ಹೇಳಿದ್ದೇನೆ. ಇನ್ನೂ ಬಂದಿಲ್ಲ. ಬಂದರೂ ದೊಡ್ಡಮ್ಮ ಮತ್ತೆ ಕೀಳುತ್ತಾರೆ. ಶುಕ್ರವಾರ ಐದೂವರೆಗೆ ನಾನಿನ್ನೂ ತಲೆ ಬಾಚಿಕೊಳ್ಳುತ್ತಿದ್ದಾಗಲೇ ಹಿತ್ತಿಲಿನ ಬೇಲಿಯಾಚೆಯಿಂದ ಅವರ ದನಿ ಕೇಳಿತು.

“ಬಾರವ್ವ ಬ್ಯಾಗ! ಡೈರಿಂದ ಅಂಗೇ ಪಕ್ಕದ್ ಮನೇಲಿ ಅರಿಶಿನ ಕುಂಕುಮಕ್ಕೂ ಓಗ್ಬತ್ತೀನಿ, ಒಸಿ ತಡ ಆಯ್ತದೆ. ಕರಕ್ಕೆ ನೀರು ಕುಡ್ಸೋದು ನಿನ್ಗೇ!”

ಲ್ಯಾಪ್‌ಟಾಪು ಎತ್ತಿಕೊಂಡು ಹೊರಟೆ.